ಕೆಮ್ಮಣ್ಣುಗುಂಡಿಯ ಕೆಂಪು ಯಾರ ಕೆಲಸ?

ಕೆಮ್ಮಣ್ಣುಗುಂಡಿ ಅಂದ್ರೆ ನಮಗೆಲ್ಲ ಝಡ್ ಪಾಯಿಂಟ್, ಹೆಬ್ಬೆ ಫಾಲ್ಸ್, ಮಂಜಿನ ರೀಲ್ಸ್. ಆದ್ರೆ ಹೆಸರನ್ನ ಬಿಡಿಸಿ ನೋಡಿ: ಕೆಂಪು ಮಣ್ಣಿನ ಗುಂಡಿ. ತರೀಕೆರೆ ತಾಲ್ಲೂಕಿನ ಈ ಬೆಟ್ಟದಲ್ಲಿ ಅಗೆದ ಅದಿರೇ ಭದ್ರಾವತಿಯ ಕಾರ್ಖಾನೆಗೆ ಹೋಗ್ತಿತ್ತು. ಅಲ್ಲಿ ಕಬ್ಬಿಣ ತಯಾರಾಗೋಕೆ ಶುರುವಾಗಿದ್ದು 1923ರಲ್ಲಿ. ಬೆಟ್ಟದ ಮೇಲೆ ಇಷ್ಟೊಂದು ಕಬ್ಬಿಣ ಬಂದಿದ್ದು ಎಲ್ಲಿಂದ? ನಾನು ಓದಿರೋದು ಬಿ.ಕಾಂ., ಜಮಾ-ಖರ್ಚು ತಾಳೆಯಾಗದಿದ್ರೆ ಸಮಾಧಾನ ಇಲ್ಲ.

ಬಾಬಾಬುಡನ್‌ಗಿರಿ ಸಾಲಿನ ಈ ಕಬ್ಬಿಣದ ಕಲ್ಲು ಸುಮಾರು 270 ಕೋಟಿ ವರ್ಷ ಹಳೆಯದು. ಆಗ ಇದು ಸಮುದ್ರದ ತಳ. ಗಾಳಿಯಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಅಂಥ ನೀರಲ್ಲಿ ಕಬ್ಬಿಣ ಉಪ್ಪಿನ ಥರ ಕರಗಿಕೊಂಡೇ ಇರುತ್ತೆ. ತುಕ್ಕಾದಾಗ ಮಾತ್ರ ತಳಕ್ಕೆ ಕೂರುತ್ತೆ. ಹಾಗೆ ಕೂತಿದ್ದೇ ಪಟ್ಟೆ ಪಟ್ಟೆ ಕಲ್ಲಾಯ್ತು: ಒಂದು ಪದರ ಕಬ್ಬಿಣ, ಒಂದು ಪದರ ಸಿಲಿಕಾ, ಮತ್ತೆ ಕಬ್ಬಿಣ.

ತುಕ್ಕು ಹಿಡಿಸಿದ್ದು ಯಾರು? ಹಳೇ ಉತ್ತರ ಸಯನೋಬ್ಯಾಕ್ಟೀರಿಯಾ. ಬಿಸಿಲಿನ ಬಲದಿಂದ ನೀರನ್ನ ಒಡೆದು, ಅದರ ಎಲೆಕ್ಟ್ರಾನ್ ಇಟ್ಟುಕೊಂಡು, ಆಕ್ಸಿಜನ್ನನ್ನ ಕಸದ ಹಾಗೆ ಹೊರಗೆ ಬಿಟ್ಟ ಜೀವಿಗಳು ಇವು. ಇವುಗಳದೇ ಒಂದು ಕವಲು ಇನ್ನೊಂದು ಜೀವಕೋಶದೊಳಗೆ ಸೇರಿಕೊಂಡು ಕ್ಲೋರೋಪ್ಲಾಸ್ಟ್ ಆಯ್ತು. ಅಂದ್ರೆ ಅದೇ ಗಿರಿಯ ಕಾಫಿ ಗಿಡದ ಎಲೆಯಲ್ಲೂ ಕೆಲಸ ಮಾಡ್ತಿರೋದು ಅವರ ವಂಶವೇ.

ಆದ್ರೆ ತಾರೀಖು ಹೊಂದಲ್ಲ, ಮಜಾ ಇರೋದೇ ಅಲ್ಲಿ. ಗಾಳಿಯಲ್ಲಿ ಆಕ್ಸಿಜನ್ ಏರಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ನಮ್ಮ ಕಲ್ಲು ಅದಕ್ಕಿಂತ 30 ಕೋಟಿ ವರ್ಷ ಸೀನಿಯರ್! ಒಂದೋ, ಸಯನೋಬ್ಯಾಕ್ಟೀರಿಯಾ ಆಗಲೇ ಇದ್ವು, ಬಿಟ್ಟ ಆಕ್ಸಿಜನ್ನನ್ನೆಲ್ಲ ಕಬ್ಬಿಣವೇ ನುಂಗಿತು. ಇಲ್ಲಾ, ಆಕ್ಸಿಜನ್ನೇ ಬೇಕಿರಲಿಲ್ಲ. 1993ರಲ್ಲಿ ಜರ್ಮನಿಯ ವಿಜ್ಞಾನಿಗಳು ಬೆಳಕಿನ ಬಲದಿಂದ ನೇರ ಕಬ್ಬಿಣದಿಂದಲೇ ಎಲೆಕ್ಟ್ರಾನ್ ಕೀಳುವ ಬ್ಯಾಕ್ಟೀರಿಯಾ ತೋರಿಸಿದ್ರು. ಆಕ್ಸಿಜನ್ ಇಲ್ಲದೆಯೇ ತುಕ್ಕು ರೆಡಿ. ಚಿತ್ರದುರ್ಗದ ಪಟ್ಟಿಯ ಸುಣ್ಣದ ಕಲ್ಲುಗಳಲ್ಲಿ ಸ್ಟ್ರೊಮ್ಯಾಟೊಲೈಟ್, ಅಂದ್ರೆ ಸೂಕ್ಷ್ಮಜೀವಿಗಳ ಚಾಪೆ ಪದರ ಪದರವಾಗಿ ಕಲ್ಲಾದ ಗುರುತು, ಸಿಕ್ಕಿದೆ. ಆಗ ಜೀವ ಇತ್ತು ಅನ್ನೋದಕ್ಕೆ ಅದು ಸಾಕು, ಆ ಜೀವ ಆಕ್ಸಿಜನ್ ಬಿಡ್ತಿತ್ತು ಅನ್ನೋದಕ್ಕೆ ಸಾಲದು. ನನಗಂತೂ ಎರಡೂ ಗುಂಪು ಅಕ್ಕಪಕ್ಕ ಬದುಕಿದ್ವು ಅನ್ನೋ ವಾದವೇ ಹೆಚ್ಚು ನಂಬೋ ಹಾಗಿದೆ.

ಇನ್ನೊಂದು ವಿಷಯ. ಆ ಕಲ್ಲಿನ ಒಳಗೆ ಕಪ್ಪಗಿನ ಮ್ಯಾಗ್ನಟೈಟ್ ಇರುತ್ತೆ, ಆಯಸ್ಕಾಂತಕ್ಕೆ ಅಂಟುತ್ತೆ. ನಿಮ್ಮ ಶೂಗೆ ಮೆತ್ತುವ ಕೆಂಪು ಆಮೇಲಿನದು. ಮಳೆ ಸಿಲಿಕಾ ತೊಳೆದು, ಈಗಿನ ಗಾಳಿಯ ಆಕ್ಸಿಜನ್ ಹಿಡಿಸಿದ ತುಕ್ಕು. ಮೊದಲ ತುಕ್ಕಿನ ಕೇಸ್ ಕೋರ್ಟಲ್ಲೇ ಇದೆ, ಈ ಎರಡನೇದು ಮಾತ್ರ ಖಂಡಿತ ಸಯನೋಬ್ಯಾಕ್ಟೀರಿಯಾ ಮತ್ತವರ ವಂಶದ ಲೆಕ್ಕಕ್ಕೆ.

ಅವು ಈಗಲೂ ಮಣ್ಣಲ್ಲಿವೆ. ಮಳೆಗಾಲದಲ್ಲಿ ಬರಿ ನೆಲದ ಮೇಲೆ ಹಸಿರು-ಕಪ್ಪು ಲೋಳೆ ಥರ ಉಬ್ಬೋದು ಎಷ್ಟೋ ಸಲ ನಾಸ್ಟಾಕ್, ಅದೂ ಸಯನೋಬ್ಯಾಕ್ಟೀರಿಯಾವೇ. ಬಿಸಿಲಿಗೆ ಕಾಗದದ ಹಾಗೆ ಒಣಗುತ್ತೆ, ಮಳೆ ಬಿದ್ರೆ ಮತ್ತೆ ಎದ್ದು ಕೂರುತ್ತೆ. ಆ ಅಂಟು ಮಣ್ಣಿನ ಕಣಗಳನ್ನ ಹಿಡಿದಿಡುತ್ತೆ. ಜೊತೆಗೆ ಗಾಳಿಯ ನೈಟ್ರೋಜನ್ನನ್ನ ಗೊಬ್ಬರ ಮಾಡುತ್ತೆ. ಭತ್ತದ ಗದ್ದೆಯಲ್ಲಿ ಇವುಗಳ ಈ ಪಾತ್ರವನ್ನ 1939ರಲ್ಲೇ ಪಿ.ಕೆ. ಡೇ ತೋರಿಸಿದ್ದರು. ತಮಾಷೆ ಅಂದ್ರೆ, ಆ ಕೆಲಸದ ಕಿಣ್ವಕ್ಕೆ ಆಕ್ಸಿಜನ್ ವಿಷ. ಅದಕ್ಕೇ ನಾಸ್ಟಾಕ್ ತನ್ನ ಸರಪಳಿಯ ಕೆಲವು ಕೋಶಗಳಿಗೆ ದಪ್ಪ ಗೋಡೆ ಕಟ್ಟಿ, ಅಲ್ಲಿ ಆಕ್ಸಿಜನ್ ತಯಾರಿಯನ್ನೇ ನಿಲ್ಲಿಸಿಬಿಡುತ್ತೆ.