ಗಾಜು, ಫಿಲ್ಮ್ ಮತ್ತು ಧೂಳಿನ ಕಣ

ಬಿಸಿಲಿನ ಝಳವನ್ನು ತಗ್ಗಿಸಲು ಕಟ್ಟಡಗಳ ಕಿಟಕಿಗಾಜಿಗೆ ಬಣ್ಣದ ತೆಳುಹಾಳೆಯನ್ನು ಅಂಟಿಸುವುದುಂಟು. ಸನ್ ಫಿಲ್ಮ್ ಎಂದು ಕರೆಯಲ್ಪಡುವ ಈ ಹಾಳೆಯು ಪಾಲಿಯೆಸ್ಟರ್ ಎಂಬ ಪ್ಲಾಸ್ಟಿಕ್ಕಿನಿಂದಾದುದು. ಇದರ ದಪ್ಪ ಸಾಮಾನ್ಯವಾಗಿ 50 ಮೈಕ್ರಾನ್‌ಗಳ ಆಸುಪಾಸಿನಲ್ಲಿರುತ್ತದೆ. ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ದೊರೆಯುವ ಒಂದು ಪಾಲೇ ಮೈಕ್ರಾನ್. ಮನುಷ್ಯನ ತಲೆಗೂದಲಾದರೋ 50ರಿಂದ 100 ಮೈಕ್ರಾನ್ ದಪ್ಪವಿರಬಹುದು. ಇಂತಹ ಹಾಳೆಯ ಅಡಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡರೆ ಅದು ಮರೆಯಾಗುವುದೆಂತು?

ಸಿಕ್ಕಿಬಿದ್ದ ಕಣವು ತಾನಿರುವಷ್ಟೇ ಗಾತ್ರದಲ್ಲಿ ಕಾಣಿಸುವುದೂ ಇಲ್ಲ. ಗುಡಾರದ ನಡುಗಂಬವು ಬಟ್ಟೆಯನ್ನು ಎತ್ತಿ ನಿಲ್ಲಿಸುವಂತೆ ಅದು ಹಾಳೆಯನ್ನು ಎತ್ತಿ ನಿಲ್ಲಿಸುತ್ತದೆ. ಅದರ ಸುತ್ತ ಗಾಳಿ ಉಳಿದುಬಿಡುತ್ತದೆ. ಅಂಟು ಗಾಜಿಗೆ ತಗುಲಿ ಕುಳಿತಲ್ಲಿ ಬೆಳಕು ಸರಾಗವಾಗಿ ಹಾಯುತ್ತದೆ. ಗಾಳಿಯಿರುವಲ್ಲಿ ಅದರ ಒಂದಂಶ ಪ್ರತಿಫಲಿಸುತ್ತದೆ. ಆದುದರಿಂದಲೇ ಕಣ್ಣಿಗೆ ಕಾಣದಷ್ಟು ಸಣ್ಣ ಧೂಳು ದೂರದಿಂದಲೂ ಬೊಕ್ಕೆಯಂತೆ ಎದ್ದು ತೋರುತ್ತದೆ.

ಧೂಳು ತಾನಾಗಿ ಬಂದು ಬೀಳುವುದಷ್ಟೇ ಅಲ್ಲ, ಹಾಳೆಯೇ ಅದನ್ನು ಕರೆಯುತ್ತದೆ. ಅಂಟಿನ ಮೇಲಿರುವ ರಕ್ಷಾಹಾಳೆಯನ್ನು ಸುಲಿದಾಗ ಸ್ಥಾಯೀ ವಿದ್ಯುತ್ತು ಉಂಟಾಗುತ್ತದೆ. ಪ್ಲಾಸ್ಟಿಕ್ಕು ವಿದ್ಯುನ್ನಿರೋಧಕವಾದುದರಿಂದ ಅದು ಹರಿದುಹೋಗದೆ ಅಲ್ಲಿಯೇ ನಿಲ್ಲುತ್ತದೆ. ಒಣಗೂದಲನ್ನು ಬಾಚಿದ ಬಾಚಣಿಗೆ ಕಾಗದದ ಚೂರುಗಳನ್ನು ಸೆಳೆಯುವಂತೆ, ಹಾಳೆಯು ಸುತ್ತಲಿನ ಧೂಳನ್ನೂ ಬಟ್ಟೆಯ ಎಳೆಗಳನ್ನೂ ಸೆಳೆದುಕೊಳ್ಳುತ್ತದೆ. ಇದನ್ನರಿತ ಕೆಲಸಗಾರನು ರಕ್ಷಾಹಾಳೆಯನ್ನು ಸುಲಿಯುತ್ತಿರುವಂತೆಯೇ ಅಂಟಿನ ಮೇಲೆ ನೀರನ್ನು ಸಿಂಪಡಿಸುತ್ತಾನೆ. ನೀರು ಆ ಸೆಳೆತವನ್ನು ಕುಗ್ಗಿಸುತ್ತದೆ. ಅದಕ್ಕೆ ಬೆರೆಸಿದ ನಾಲ್ಕು ಹನಿ ಸಾಬೂನು, ಹಾಳೆಯನ್ನು ಗಾಜಿನ ಮೇಲೆ ಸರಿಸಿ ಕೂರಿಸಲು ನೆರವಾಗುತ್ತದೆ. ಈ ನೀರು ಸೋಸಿದ ನೀರಾಗಿರಬೇಕು. ಕೊಳವೆಬಾವಿಯ ಗಡಸು ನೀರನ್ನು ಬಳಸಿದರೆ ಅದರಲ್ಲಿ ಕರಗಿದ ಲವಣಗಳು ಒಣಗಿ ಕಲೆಯಾಗಿ ಉಳಿಯುತ್ತವೆ.

ಗಾಜನ್ನು ಒದ್ದೆ ಮಾಡಿ, ಹರಿತವಾದ ಅಲಗಿನಿಂದ ಮೇಲಿನಿಂದ ಕೆಳಕ್ಕೆ ಹೆರೆಯುವುದು ಮೊದಲ ಕೆಲಸ. ಕಿಟಕಿಯ ಅಂಚಿನ ರಬ್ಬರುಪಟ್ಟಿಯು ಧೂಳಿನ ತವರು. ಅಲ್ಲಿಂದ ನೀರಿನೊಡನೆ ಕೊಳೆ ಮತ್ತೆ ಮತ್ತೆ ಇಳಿಯುತ್ತದೆ. ಒಣ ಹತ್ತಿಬಟ್ಟೆಯಿಂದ ಒರೆಸುವುದಕ್ಕಿಂತ ಒರೆಸದಿರುವುದೇ ಮೇಲು, ಏಕೆಂದರೆ ಅದು ತನ್ನ ಎಳೆಗಳನ್ನು ಬಿಟ್ಟುಹೋಗುತ್ತದೆ. ಕೆಲಸಕ್ಕೆ ತೊಡಗುವ ಮುನ್ನ ಕೋಣೆಯನ್ನು ಗುಡಿಸುವುದೂ ಸದುದ್ದೇಶದ ಅಪಕಾರವೇ ಸರಿ. ಪೊರಕೆಯಿಂದೆದ್ದ ನವಿರು ಧೂಳು ಬಹಳ ಹೊತ್ತು ಗಾಳಿಯಲ್ಲಿ ತೇಲುತ್ತಿರುತ್ತದೆ. ಪಂಖವನ್ನೂ ನಿಲ್ಲಿಸಬೇಕಾಗುತ್ತದೆ, ಬೇಸಿಗೆಯ ಮಧ್ಯಾಹ್ನ ಬೆವರುತ್ತ ದುಡಿಯುವವನಿಗೆ ಇದೇನೂ ಸುಲಭದ ಮಾತಲ್ಲ.

ಅಂಟು ಒದ್ದೆಯಾಗಿರುವಾಗ ಕಣ ಕಂಡರೆ ಹಾಳೆಯ ಮೂಲೆಯನ್ನು ಮೆಲ್ಲನೆ ಎತ್ತಿ, ನೀರು ಹಾಯಿಸಿ ತೊಳೆದುಬಿಡಬಹುದು. ಅಂಟು ಹಿಡಿದ ಬಳಿಕ ಆ ಅವಕಾಶವಿಲ್ಲ. ಹಾಳೆಯನ್ನು ಕಿತ್ತೆಸೆದು ಹೊಸದನ್ನು ಹಾಕಬೇಕು; ದಿನದ ದುಡಿಮೆಯೂ ಹಾಳೆಯ ಬೆಲೆಯೂ ಒಟ್ಟಿಗೆ ನಷ್ಟವಾಗುತ್ತವೆ. ಆದರೆ ಮೊದಲ ದಿನಗಳಲ್ಲಿ ಕಾಣುವ ಗುಳ್ಳೆಗಳೆಲ್ಲವೂ ಧೂಳಿನವಲ್ಲ. ರಬ್ಬರಿನ ಪಟ್ಟಿಯಿಂದ ಎಷ್ಟು ಒತ್ತಿ ಎಳೆದರೂ ಅಲ್ಲಲ್ಲಿ ತುಸು ನೀರು ಉಳಿದೇ ಉಳಿಯುತ್ತದೆ. ಅದು ಆವಿಯಾಗಿ ಹಾಳೆಯ ಮೂಲಕವೇ ಹೊರಹೋಗಲು ಹಲವು ದಿನಗಳು, ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಷ್ಟು ಕಾಲ ಕಳೆದ ಮೇಲೂ ಉಳಿದ ಬೊಕ್ಕೆಯ ನಡುವೆ ದಿಟ್ಟಿಸಿ ನೋಡಿದರೆ ಬಹುಮಟ್ಟಿಗೆ ಒಂದು ಕಣವೋ ಎಳೆಯೋ ಕಾಣಸಿಗುತ್ತದೆ.