ಹಾವಿನೂಟಕ್ಕೂ ಗೋತ್ರ

ಬಾಗಿಲು ತೆರೆದೊಡನೆ ಮೂಗಿಗೆ ಅಡರುವುದು ಮೂತ್ರದ ಘಾಟು, ಅದರ ಬೆನ್ನಿಗೇ ಆಸ್ಪೆನ್ ಮರದ ಹೊಟ್ಟಿನ ಒಣ ವಾಸನೆ. ಅಮೆರಿಕದಲ್ಲಿ ಹಾವು ಸಾಕುವವರೊಬ್ಬರ ಗ್ಯಾರೇಜು ಇದು. ಕಾರು ನಿಲ್ಲಬೇಕಾದ ಕಡೆ ಆಳೆತ್ತರದ ಚೌಕಟ್ಟು. ಅದರ ತುಂಬ ಎಳೆದು ತಳ್ಳುವ ಪ್ಲಾಸ್ಟಿಕ್ ತೊಟ್ಟಿಗಳು. ಒಂದನ್ನು ಎಳೆದರೆ ಇಲಿಗಳ ಬಿಳಿ, ಕಪ್ಪು, ಕಂದು ಬೆನ್ನುಗಳು ಮೂಲೆಗೆ ನುಗ್ಗುತ್ತವೆ. ಚೂರುಕಾಗದದ ಗೂಡಿನಲ್ಲಿ ಕಣ್ಣುಬಿಡದ ಗುಲಾಬಿ ಮರಿಗಳು. ತೆಳುಚರ್ಮದೊಳಗಿಂದ ಕುಡಿದ ಹಾಲು ಬೆಳ್ಳಗೆ ಕಾಣುತ್ತದೆ. ಗೋಡೆಯಾಚೆಯ ಕೋಣೆಯಲ್ಲಿ ಇವನ್ನು ತಿನ್ನುವ ಹೆಬ್ಬಾವುಗಳಿವೆ.

ತೊಟ್ಟಿಗಳ ಮೇಲೆ ಕೆಂಪು, ನೀಲಿ, ಹಸಿರು, ಹಳದಿ ಚೀಟಿಗಳು. ಇಲ್ಲಿ ಬಣ್ಣವೇ ಗೋತ್ರ. ಹೆಣ್ಣುಮರಿ ಹುಟ್ಟಿದ ಬಣ್ಣದಲ್ಲೇ ಉಳಿಯುತ್ತದೆ. ಮನೆಯಳಿಯನಾಗಿ ಹೋಗುವುದು ಗಂಡು. ಕೆಂಪಿನದು ನೀಲಿಗೆ, ನೀಲಿಯದು ಹಸಿರಿಗೆ, ಹಸಿರಿನದು ಹಳದಿಗೆ, ಹಳದಿಯದು ಮತ್ತೆ ಕೆಂಪಿಗೆ.

ಈ ಕಟ್ಟುನಿಟ್ಟು ಸುಮ್ಮನೆ ಬಂದದ್ದಲ್ಲ. ಇಲಿಯ ಬಸಿರು ಮೂರು ವಾರ, ಹಾಲು ಬಿಡಲು ಇನ್ನೂ ಮೂರು ವಾರ. ಆಮೇಲೆ ತಡವಿಲ್ಲದೆ ಪ್ರಾಯ. ವರ್ಷಕ್ಕೆ ನಾಲ್ಕು ತಲೆಮಾರು ಸಲೀಸಾಗಿ ಉರುಳುತ್ತವೆ, ನೆಂಟರೊಳಗೇ ಕೂಡಿಸಿದರೆ ಅದರ ಕೆಡುಕೂ ಅಷ್ಟೇ ಬೇಗ ಸೇರುತ್ತದೆ. 1909ರಲ್ಲಿ ತಳಿವಿಜ್ಞಾನಿ ಕ್ಲಾರೆನ್ಸ್ ಕುಕ್ ಲಿಟಲ್ ಒಡಹುಟ್ಟಿದವುಗಳನ್ನೇ ಕೂಡಿಸುತ್ತ ಹೋಗಿ ಪ್ರಯೋಗಾಲಯಕ್ಕೆ ಬೇಕಾದ ಏಕರೂಪದ ತಳಿ ಕಟ್ಟತೊಡಗಿದರು. ಹಾಗೆ 20 ತಲೆಮಾರು ಕಳೆದರೆ ಇಲಿಗಳೆಲ್ಲ ಹೆಚ್ಚುಕಡಿಮೆ ಒಂದೇ ಅಚ್ಚು. ವಿಜ್ಞಾನಿಗೆ ಅದು ಲಾಭ, ಗ್ಯಾರೇಜಿಗೆ ನಷ್ಟ: ಸೂಲಿಗೆ ಹುಟ್ಟುವ ಮರಿಗಳು ಕಡಿಮೆಯಾಗುತ್ತವೆ, ಹುಟ್ಟಿದವೂ ಸೊರಗುತ್ತವೆ.

ತಲೆ ಎಣಿಸಿ ಸಮಾಧಾನಪಡುವಂತಿಲ್ಲ. ಒಂದು ಗಂಡು, ಹತ್ತು ಹೆಣ್ಣು ಇದ್ದರೆ ಕಣ್ಣಿಗೆ ಹನ್ನೊಂದು. ಮರಿಗಳ ಅರ್ಧ ವಂಶ ಆ ಒಂದೇ ಗಂಡಿನದಾದ್ದರಿಂದ ತಳಿಶಾಸ್ತ್ರದ ಲೆಕ್ಕಕ್ಕೆ ನಾಲ್ಕೂ ಇಲ್ಲ. ಅದೇ ಹನ್ನೊಂದರಲ್ಲಿ ನಾಲ್ಕು ಗಂಡಿದ್ದರೆ ಲೆಕ್ಕ ಹತ್ತು ದಾಟುತ್ತದೆ. ವಂಶ ಅಗಲವಾಗುವುದು ಅಪ್ಪಂದಿರ ಸಂಖ್ಯೆಯಿಂದ.

ಆಗೀಗ ಹೊರಗಿನ ರಕ್ತವೂ ಬೇಕು. ಬೇರೆ ಸಾಕಣೆಗಾರರಿಂದ ತಂದ ಗಂಡು ಮೊದಲು ಮನೆಯ ಇನ್ನೊಂದು ಮೂಲೆಯಲ್ಲಿ ಒಂಟಿ. ಮೈಯಲ್ಲಿ ನುಸಿ ಇಲ್ಲ, ಉಸಿರಿನಲ್ಲಿ ಗೊರಗೊರ ಇಲ್ಲ ಎಂದು ಖಾತ್ರಿಯಾಗಬೇಕು. ಆಮೇಲೂ ಅದನ್ನು ಹೊಸದಾಗಿ ಕೂಡಿದ ಹೆಣ್ಣುಗಳ ನಡುವೆ ಬಿಡುವುದಿಲ್ಲ. ಅಪರಿಚಿತ ಗಂಡು ಹತ್ತಿರವಿದ್ದರೇ ಹೆಣ್ಣಿಲಿಯ ಎಳೆಬಸಿರು ನಿಲ್ಲದೆ ಹೋಗಬಹುದೆಂದು ವಿಜ್ಞಾನಿ ಹಿಲ್ಡಾ ಬ್ರೂಸ್ 1959ರಲ್ಲೇ ತೋರಿಸಿದ್ದರು. ಹೊಸಬನಿಗೆ ಇನ್ನೂ ಕೂಡದ ಎಳೆಯ ಹೆಣ್ಣುಗಳೇ ಜೋಡಿ.

ಈಗ ಸಾಕಣೆಗಾರನ ಅಂಗೈಯಲ್ಲಿ ಕೆಂಪು ತೊಟ್ಟಿಗೆ ಅಳಿಯನಾಗಿ ಬಂದ ಗಂಡು. ದಷ್ಟಪುಷ್ಟ ಮೈ, ಕಚ್ಚದ ಸ್ವಭಾವ, ಸೂಲು ಸೂಲಿಗೂ ಗೂಡು ತುಂಬ ಮರಿ. ನಾಲ್ಕೂ ತೊಟ್ಟಿಗೆ ಇದನ್ನೇ ಬಿಡಲು ಕೈ ತುರಿಸುತ್ತದೆ. ಆದರೂ ಅದನ್ನು ಕೆಂಪಿಗೇ ಮರಳಿಸಿ, ನೀಲಿಯಲ್ಲಿ ಹುಟ್ಟಿದ ಸಾಧಾರಣ ಮೈಕಟ್ಟಿನ ಗಂಡೊಂದನ್ನು ಹಸಿರಿಗೆ ಇಳಿಸುತ್ತಾನೆ, ಚೀಟಿಯಲ್ಲಿ ತಾರೀಖು ಬರೆಯುತ್ತಾನೆ. ನಾಲ್ಕೂ ತೊಟ್ಟಿಗೆ ಒಬ್ಬನೇ ಅಪ್ಪನಾದರೆ ಮುಂದಿನ ಮರಿಗಳೆಲ್ಲ ಒಂದೇ ಮನೆಯವು. ಆಗ ಬಣ್ಣದ ಚೀಟಿಗಳು ಬರೀ ಅಲಂಕಾರ.