ಮುಂದಿನ ಎದುರಾಳಿಯನ್ನು ಗೊತ್ತುಮಾಡುವವರು ಯಾರು?

ಟೆನಿಸ್‌ನಲ್ಲಿ ಮುಂದಿನ ಎದುರಾಳಿ ಯಾರೆಂದು ಡ್ರಾ ಹೇಳುತ್ತದೆ, ಕ್ರಿಕೆಟ್‌ನಲ್ಲಿ ವೇಳಾಪಟ್ಟಿ. ವೃತ್ತಿಪರ ಬಾಕ್ಸಿಂಗ್‌ನಲ್ಲಿ ಎರಡೂ ಇಲ್ಲ. ಪ್ರತಿ ಪಂದ್ಯಕ್ಕೂ ಹೊಸದಾಗಿ ಚೌಕಾಸಿ, ಹೊಸದಾಗಿ ಕರಾರು. ಹೀಗಾಗಿ ಇಬ್ಬರು ದೊಡ್ಡ ಬಾಕ್ಸರುಗಳು ವರ್ಷಗಟ್ಟಲೆ ಮುಖಾಮುಖಿಯಾಗದಿದ್ದರೆ ಅಭಿಮಾನಿಗಳು ‘ಹೆದರಿದ’ ಎಂದು ಬಾಕ್ಸರನನ್ನೋ, ‘ಅಡ್ಡಗಾಲು ಹಾಕಿದ’ ಎಂದು ಮ್ಯಾನೇಜರನನ್ನೋ ಬೈಯುತ್ತಾರೆ. ಆದರೆ ಪಂದ್ಯಕ್ಕೆ ಹಣ ಹೂಡುವವನು ಇವರಿಬ್ಬರೂ ಅಲ್ಲ, ಪ್ರಮೋಟರ್. ಕೊನೆಯ ಮಾತು ಸಾಮಾನ್ಯವಾಗಿ ಅವನದು, ಅವನ ಬೆನ್ನಿಗಿರುವ ಟೀವಿ ವಾಹಿನಿಯದು. ತನ್ನ ಹೆಸರಿಗೇ ಟಿಕೆಟ್ ಖರ್ಚಾಗುವವರೆಗೆ ಬಾಕ್ಸರನ ಇಷ್ಟಾನಿಷ್ಟವನ್ನು ಕೇಳುವವರು ಕಡಿಮೆ.

ಮ್ಯಾನೇಜರ್ ಬಾಕ್ಸರನ ಪರ ನಿಂತು ಹೆಚ್ಚು ಹಣಕ್ಕೆ ಪಟ್ಟು ಹಿಡಿಯಬೇಕಾದವನು. ಪ್ರಮೋಟರ್ ಆದಷ್ಟು ಕಡಿಮೆ ಕೊಡಲು ನೋಡುವವನು. ಇಬ್ಬರೂ ಒಂದೇ ಮನೆಯವರಾದರೆ? ಹೆವಿವೇಟ್ ಬಾಕ್ಸರ್ ಟಿಮ್ ವಿದರ್‌ಸ್ಪೂನನಿಗೆ ಡಾನ್ ಕಿಂಗ್ ಪ್ರಮೋಟರ್, ಕಿಂಗನ ಮಲಮಗ ಕಾರ್ಲ್ ಮ್ಯಾನೇಜರ್. 1986ರಲ್ಲಿ ಲಂಡನ್ನಿನಲ್ಲಿ ಫ್ರಾಂಕ್ ಬ್ರೂನೊನನ್ನು ಸೋಲಿಸಿ ಪಟ್ಟ ಉಳಿಸಿಕೊಂಡ ವಿದರ್‌ಸ್ಪೂನನ ಕೈಗೆ ಬಂದದ್ದು ಒಂದು ಲಕ್ಷ ಡಾಲರಿಗೂ ಕಡಿಮೆ. ಸೋತವನಿಗೆ ಸಿಕ್ಕಿದ್ದು ಅದರ ಎಷ್ಟೋ ಪಟ್ಟು. ಇಂಥ ಕೂಟವನ್ನು ಒಡೆಯಲೆಂದೇ ಅಮೆರಿಕ 2000ದಲ್ಲಿ ಮುಹಮ್ಮದ್ ಅಲಿ ಹೆಸರಿನ ಕಾಯಿದೆ ತಂದು, ಎರಡೂ ಕೆಲಸಗಳ ನಡುವೆ ಗೋಡೆ ಕಟ್ಟಿತು. ಮ್ಯಾನೇಜರನೇ ಎಲ್ಲವನ್ನೂ ನಿರ್ಧರಿಸುತ್ತಿದ್ದರೆ ಅವನನ್ನು ಪ್ರಮೋಟರನಿಂದ ಬೇರ್ಪಡಿಸುವ ಕಾನೂನು ಬೇಕಾಗುತ್ತಿರಲಿಲ್ಲ.

ಇದಕ್ಕೆ ಎದುರಾಗಿ ಫ್ಲಾಯ್ಡ್ ಪ್ಯಾಟರ್ಸನ್‌ನ ಹೆಸರು ಹೇಳಬಹುದು, ಹೇಳಲೇಬೇಕು ಕೂಡ. 1956ರಲ್ಲಿ, 21ರ ವಯಸ್ಸಿಗೇ ಹೆವಿವೇಟ್ ಚಾಂಪಿಯನ್ ಆದ ಅವನ ಎದುರಾಳಿಗಳನ್ನು ಆರಿಸುತ್ತಿದ್ದವನು ಮ್ಯಾನೇಜರ್ ಕಸ್ ಡಿ'ಅಮಾಟೊ. ಮರುವರ್ಷ ಪಟ್ಟಕ್ಕಾಗಿ ಎದುರು ನಿಂತ ಪೀಟ್ ರೇಡ್‌ಮೇಕರ್‌ಗೆ, ಒಲಿಂಪಿಕ್ ಚಿನ್ನ ಗೆದ್ದವನಾದರೂ, ಅದು ವೃತ್ತಿಪರನಾಗಿ ಮೊದಲ ಪಂದ್ಯ! ಸನ್ನಿ ಲಿಸ್ಟನ್ ಮಾತ್ರ ಬೇಡವೇ ಬೇಡ ಎಂಬುದು ಡಿ'ಅಮಾಟೊನ ಹಟ. ಲಿಸ್ಟನ್ನನ ಹಿಂದೆ ಭೂಗತ ಲೋಕದವರಿದ್ದಾರೆಂಬ ಕಾರಣವನ್ನೂ ಅವನು ಕೊಡುತ್ತಿದ್ದ. ಪ್ಯಾಟರ್ಸನ್ ಕೊನೆಗೆ ಆ ಮಾತನ್ನು ಮೀರಿದ. 1962ರ ಸೆಪ್ಟೆಂಬರಿನಲ್ಲಿ ಶಿಕಾಗೋದಲ್ಲಿ ಮೊದಲ ಸುತ್ತಿನಲ್ಲೇ ನೆಲಕ್ಕುರುಳಿ ಪಟ್ಟ ಕಳೆದುಕೊಂಡ. ಮ್ಯಾನೇಜರನ ಎಚ್ಚರಿಕೆ ಹೇಡಿತನವಾಗಿರಲಿಲ್ಲ ಎಂದಾಯಿತು. ಆದರೆ ಪ್ಯಾಟರ್ಸನ್ ಹಾಗೆ ಮೀರಲು ಸಾಧ್ಯವಾದದ್ದು ಅವನು ಚಾಂಪಿಯನ್ ಆಗಿದ್ದರಿಂದ. ನಾಲ್ಕು ಸುತ್ತಿನ ಪಂದ್ಯಗಳಲ್ಲಿ ಹೊಟ್ಟೆ ಹೊರೆಯುವ ಹುಡುಗನಿಗೆ ಆ ಭಾಗ್ಯವಿಲ್ಲ. ಅವನ ಎದುರಾಳಿಯನ್ನು ಪ್ರಮೋಟರನ ಮ್ಯಾಚ್‌ಮೇಕರ್ ಹುಡುಕುತ್ತಾನೆ.

ಬೆಲ್ಟ್ ಕೊಡುವ ಸಂಸ್ಥೆಗಳು ‘ಇವನ ಜೊತೆ ಆಡಲೇಬೇಕು’ ಎಂದು ಕಡ್ಡಾಯ ಎದುರಾಳಿಯನ್ನು ಹೇರುತ್ತವಲ್ಲ ಎಂಬ ಆಕ್ಷೇಪವೂ ಉಂಟು. ಹೇರುತ್ತವೆ, ನಿಜ. ಆದರೆ 1992ರ ಡಿಸೆಂಬರಿನಲ್ಲಿ ಲೆನಾಕ್ಸ್ ಲೂಯಿಸ್ ಜೊತೆ ಆಡಲು ಒಪ್ಪದ ರಿಡಿಕ್ ಬೋವ್ ತನ್ನ ಡಬ್ಲ್ಯುಬಿಸಿ ಬೆಲ್ಟನ್ನು ಕಸದ ತೊಟ್ಟಿಗೆ ಹಾಕಿ ಹೊರಟ.

ಹಾಗಾದರೆ ಪ್ರಮೋಟರನಿಂದಲೇ ಬಿಡಿಸಿಕೊಂಡ ಬಾಕ್ಸರ್ ಏನು ಮಾಡಬಲ್ಲ? ಫ್ಲಾಯ್ಡ್ ಮೇವೆದರ್ 2006ರಲ್ಲಿ ಏಳೂವರೆ ಲಕ್ಷ ಡಾಲರ್ ತೆತ್ತು ಬಾಬ್ ಆರಮ್‌ನ ಟಾಪ್ ರ್‍ಯಾಂಕ್‌ನಿಂದ ಹೊರಬಂದ. ಅಲ್ಲಿಂದ ಅವನ ಆಯ್ಕೆ ಅವನದೇ. ಮ್ಯಾನಿ ಪ್ಯಾಕಿಯಾವೊ ಜೊತೆ 2010ರಲ್ಲಿ ನಡೆಯಬೇಕಿದ್ದ ಪಂದ್ಯ ಮುರಿದುಬಿದ್ದದ್ದು ರಕ್ತಪರೀಕ್ಷೆಯ ಬಗ್ಗೆ ಅವನು ಹಾಕಿದ ಷರತ್ತಿನಿಂದ. ಅಂದರೆ ಬಾಕ್ಸರನೂ ‘ಬೇಡ’ ಎನ್ನಬಲ್ಲ. ‘ಬೇಕು’ ಎನ್ನುವುದು ಅಷ್ಟು ಸುಲಭವಿರಲಿಲ್ಲ. ಪ್ಯಾಕಿಯಾವೊ ಆರಮ್‌ನ ಬಳಿ, ಎಚ್‌ಬಿಒ ವಾಹಿನಿಯಲ್ಲಿದ್ದ. ಮೇವೆದರ್ 2013ರಲ್ಲಿ ಷೋಟೈಮ್‌ಗೆ ಹೋದ. ಇವೆರಡೂ ಪೈಪೋಟಿಯ ವಾಹಿನಿಗಳು. ಅವು ಸೇರಿ ಪ್ರಸಾರ ಮಾಡಲು ಒಪ್ಪಿದ ಮೇಲೆಯೇ 2015ರ ಮೇ 2ರಂದು ಲಾಸ್ ವೇಗಸ್‌ನಲ್ಲಿ ಪಂದ್ಯ ನಡೆದದ್ದು. ಅಷ್ಟರಲ್ಲಿ ಒಬ್ಬನಿಗೆ 38, ಇನ್ನೊಬ್ಬನಿಗೆ 36. ಪಂದ್ಯವನ್ನು ಟೀವಿಯಲ್ಲಿ ಹಣ ಕೊಟ್ಟು ನೋಡುವ ಪೇ-ಪರ್-ವ್ಯೂನಲ್ಲಿ ಅಮೆರಿಕದಲ್ಲಿ ಸುಮಾರು 46 ಲಕ್ಷ ಖರೀದಿಗಳಾದವು; ತಡವಾಯಿತೆಂದು ಲೆಕ್ಕದ ಪುಸ್ತಕ ಎಲ್ಲೂ ಕೊರಗಲಿಲ್ಲ.